‘ಕ್ಯಾಮೆರಾ ವರ್ಕ್’ನ ಒಂದು ಹಾಳೆ: ಪತ್ರಿಕೆಯ ಪುಟವೇ ಮೂಲಕೃತಿ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನಕ್ಕ ಹಳೆಯ ಪುಸ್ತಕದ ಅಂಗಡಿಯಿಂದ ಒಂದು ಚಿತ್ರದ ಹಾಳೆ ತಂದುಕೊಟ್ಟಿದ್ದಾಳೆ. ಹಿಮ ಬಿದ್ದ ಬೀದಿ, ಮೈಯಿಂದ ಹಬೆ ಏಳುತ್ತಿರುವ ಕುದುರೆಗಳು, ಒಂದು ಟ್ರಾಮ್ ಬಂಡಿ. ಅಂಗಡಿಯ ಚೀಟಿಯಲ್ಲಿ ‘ಸ್ಟೀಗ್ಲಿಟ್ಸ್, ದಿ ಟರ್ಮಿನಲ್, ಕ್ಯಾಮೆರಾ ವರ್ಕ್ 36, 1911, ಫೋಟೋಗ್ರಾವ್ಯೂರ್’ ಎಂದಿದೆ. ಇದು ಅಸಲಿಯೇ ಎಂದು ಮನೆಯಲ್ಲೇ ತಿಳಿಯಬಹುದೇ? ಪತ್ರಿಕೆಯಿಂದ ಬಿಡಿಸಿದ ಪುಟಕ್ಕೆ ಇಷ್ಟು ಮರ್ಯಾದೆ ಏಕೆ? ಆ ಪತ್ರಿಕೆಯ ಪ್ರಭಾವ ಅಷ್ಟು ದೊಡ್ಡದೇ? ಅಂಥ ಅಚ್ಚನ್ನು ಇವತ್ತು ನಾವೇ ತೆಗೆಯಬಹುದೇ? ಮಳೆಗಾಲದಲ್ಲಿ ಹಾಳಾಗದಂತೆ ಇಡುವುದು ಹೇಗೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ಮೊದಲ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಒಂದು ಭೂತಕನ್ನಡಿಯಲ್ಲೇ ಸಿಗುತ್ತದೆ. ಅಕ್ಕಸಾಲಿಗರು ಕಣ್ಣಿಗಿಟ್ಟುಕೊಳ್ಳುವ, 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಸಾಕು. ಹಗಲು ಬೆಳಕಿನಲ್ಲಿ, ಚಿತ್ರದ ನಡುಬಣ್ಣದ ಜಾಗವನ್ನು ನೋಡಿ. ಅಂದರೆ ತೀರ ಕಪ್ಪೂ ಅಲ್ಲದ, ತೀರ ಬಿಳಿಯೂ ಅಲ್ಲದ ಹಬೆಯ ಅಂಚಿನಂಥ ಕಡೆ. ಅಲ್ಲಿ ಚುಕ್ಕಿಗಳು ಸಾಲುಗಟ್ಟಿ, ಜಾಲರಿಯ ಹಾಗೆ ಸಮ ಅಂತರದಲ್ಲಿ ಕಂಡರೆ ಅದು ಹಾಫ್‌ಟೋನ್, ದಿನಪತ್ರಿಕೆಯ ಚಿತ್ರದ ಬಗೆ. ಬಣ್ಣಬಣ್ಣದ ಚುಕ್ಕಿಗಳು ಸೇರಿ ಪುಟ್ಟ ಹೂವಿನ ಆಕಾರ ಮಾಡಿದ್ದರೆ ಈ ಕಾಲದ ಆಫ್‌ಸೆಟ್ ಮುದ್ರಣ. ಎರಡೂ ಅಲ್ಲದೆ, ಉದುರಿಸಿದ ಹಿಟ್ಟಿನಂತೆ ಅಡ್ಡಾದಿಡ್ಡಿ ಕಣಗಳು ಕಂಡು, ಕಪ್ಪು ಜಾಗದಲ್ಲಿ ಆ ಕಣಗಳೂ ಶಾಯಿಯೊಳಗೆ ಮುಳುಗಿಹೋಗಿದ್ದರೆ ಅದು ಗ್ರಾವ್ಯೂರ್, ಅಂದರೆ ತಾಮ್ರದ ತಗಡಿನಲ್ಲಿ ಚಿತ್ರವನ್ನು ತಗ್ಗಾಗಿ ಕೊರೆದು, ಅದರಲ್ಲಿ ಶಾಯಿ ತುಂಬಿ ಒತ್ತಿದ ಅಚ್ಚು.

ನಂತರ ಕಾಗದ ನೋಡಿ. ಛಾಯಾಗ್ರಾಹಕ ಸ್ಟೀಗ್ಲಿಟ್ಸ್ ಹೊರತರುತ್ತಿದ್ದ ಈ ಪತ್ರಿಕೆಯ ಗ್ರಾವ್ಯೂರ್‌ಗಳಲ್ಲಿ ಬಹುಪಾಲು ತೆಳುವಾದ ಜಪಾನಿ ಕಾಗದದ ಮೇಲೆ ಅಚ್ಚಾದವು. ಆ ತುಂಡನ್ನು ಪುಟದ ದಪ್ಪ ಕಾಗದಕ್ಕೆ ಅಂಚಿನಲ್ಲಿ ಮಾತ್ರ ಅಂಟಿಸುತ್ತಿದ್ದರು. ಹಾಳೆಯನ್ನು ಕಿಟಕಿಗೆ ಓರೆಯಾಗಿ ಹಿಡಿದರೆ ಒಂದರ ಮೇಲೊಂದು ಎರಡು ಪದರ ಕಾಣಬೇಕು. ತೆಳುಕಾಗದದ ನಾರೂ ಕಾಣಬಹುದು. ‘ದಿ ಟರ್ಮಿನಲ್’ನ ಚಿತ್ರಭಾಗ ಸುಮಾರು 12 × 16 ಸೆಂ.ಮೀ., ಪತ್ರಿಕೆಯ ಪುಟ ಸುಮಾರು 30 ಸೆಂ.ಮೀ. ಎತ್ತರ. ತಾಮ್ರದ ತಗಡಿನ ಒತ್ತು ಚಿತ್ರದ ಸುತ್ತ ಇಲ್ಲವಲ್ಲ ಎಂದು ಗಾಬರಿಯಾಗಬೇಡಿ. ಅಚ್ಚಾದ ತೆಳುಕಾಗದವನ್ನು ಆ ಗುರುತಿನ ಒಳಗೇ ಕತ್ತರಿಸಿ ಅಂಟಿಸುವುದು ವಾಡಿಕೆಯಾಗಿತ್ತು.

ಇಲ್ಲಿ ಅನೇಕರು ಎಡವುವ ಒಂದು ಸಂಗತಿಯಿದೆ. ‘ಕ್ಯಾಮೆರಾ ವರ್ಕ್’ನ ಚಿತ್ರಗಳೆಲ್ಲ ಗ್ರಾವ್ಯೂರ್ ಅಲ್ಲ. 1908ರ ಏಪ್ರಿಲ್‌ನ 22ನೇ ಸಂಚಿಕೆಯಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಖೆನ್ ಅವರ ಬಣ್ಣದ ಛಾಯಾಚಿತ್ರಗಳು ನಾಲ್ಕು ಬಣ್ಣದ ಹಾಫ್‌ಟೋನ್‌ನಲ್ಲೇ ಬಂದಿವೆ. ಆಟೋಕ್ರೋಮ್ ಎಂಬ ಆ ಕಾಲದ ಬಣ್ಣದ ಛಾಯಾಚಿತ್ರದ ಗಾಜಿನ ತಟ್ಟೆಯಿಂದ ಬಣ್ಣವನ್ನು ಕಾಗದಕ್ಕೆ ತರಲು ಅಲ್ಲಿ ಹಿಡಿದ ದಾರಿ ಅದೇ. ಹಾಗಾಗಿ ಚುಕ್ಕಿಜಾಲ ಕಂಡ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ. ಯಾವ ಸಂಚಿಕೆಯ ಯಾವ ಚಿತ್ರ ಯಾವ ವಿಧಾನದಲ್ಲಿ ಅಚ್ಚಾಗಿತ್ತು ಎಂದು ತಾಳೆ ನೋಡಬೇಕು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ತೆರೆದಿಟ್ಟಿದೆ, ಅದನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿ. ನಿಮ್ಮ ಹಾಳೆಯ ಮಟ್ಟಿಗೆ ಮಾತು ನೇರ: 36ನೇ ಸಂಚಿಕೆಯ ‘ಟರ್ಮಿನಲ್’ ಗ್ರಾವ್ಯೂರ್, ಅದರಲ್ಲಿ ಚುಕ್ಕಿಜಾಲ ಕಂಡರೆ ಅದು ಯಾವುದೋ ಮರುಮುದ್ರಣದ ಪುಟ.

ಇನ್ನು ಮರ್ಯಾದೆಯ ಪ್ರಶ್ನೆ. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ಕ್ಯಾಮೆರಾ ಕ್ಲಬ್ಬಿಗಾಗಿ 1897ರಿಂದ 1902ರವರೆಗೆ ‘ಕ್ಯಾಮೆರಾ ನೋಟ್ಸ್’ ಪತ್ರಿಕೆಯ ಸಂಪಾದಕರಾಗಿದ್ದರು. ಕ್ಲಬ್ಬಿನ ಬಹುಪಾಲು ಸದಸ್ಯರಿಗೆ ಛಾಯಾಗ್ರಹಣ ಬಿಡುವಿನ ಹವ್ಯಾಸ. ಇವರಿಗೆ ಅದು ಚಿತ್ರಕಲೆಯ ಸಾಲಿನಲ್ಲೇ ಕೂರಬೇಕಾದ ಕಲೆ. ಹೊಂದಾಣಿಕೆ ಆಗಲಿಲ್ಲ. 1902ರಲ್ಲಿ ‘ಫೋಟೋ ಸಿಸೆಷನ್’ ಎಂಬ ಬಳಗ ಕಟ್ಟಿಕೊಂಡು, 1903ರ ಜನವರಿಯಲ್ಲಿ ಸ್ವಂತ ತ್ರೈಮಾಸಿಕ ಆರಂಭಿಸಿದರು. ಮುಖಪುಟ ವಿನ್ಯಾಸ ಸ್ಟೈಖೆನ್ ಅವರದು. ಮೊದಲ ಸಂಚಿಕೆಯ ಗೌರವ ಗರ್ಟ್ರೂಡ್ ಕೇಸೆಬಿಯರ್ ಅವರಿಗೆ. ಅಂದಿನ ಕಾಲಕ್ಕೆ ಹೆಣ್ಣುಮಗಳೊಬ್ಬರ ಚಿತ್ರಗಳಿಂದ ಇಂಥ ಪತ್ರಿಕೆ ಆರಂಭವಾದದ್ದು ಸಣ್ಣ ಮಾತಲ್ಲ.

ಸ್ಟೀಗ್ಲಿಟ್ಸ್‌ಗೆ ಅಚ್ಚಿನ ಕಸುಬು ಗೊತ್ತಿತ್ತು. 1890ರ ದಶಕದ ಮೊದಲರ್ಧದಲ್ಲಿ ಅವರು ನ್ಯೂಯಾರ್ಕಿನ ಒಂದು ಫೋಟೋ ಎನ್‌ಗ್ರೇವಿಂಗ್ ಕಂಪನಿಯ ಪಾಲುದಾರರಾಗಿ ಶಾಯಿ, ತಗಡು, ಕಾಗದಗಳ ನಡುವೆ ಕೆಲಸ ಮಾಡಿದ್ದರು. ಪತ್ರಿಕೆ ಹಿಡಿದ ಮೇಲೆ ಅವರು ಪಾಲಿಸಿದ ಪದ್ಧತಿ ಇದು: ಸಾಧ್ಯವಾದಲ್ಲೆಲ್ಲ ಛಾಯಾಗ್ರಾಹಕರ ಮೂಲ ನೆಗೆಟಿವ್‌ನಿಂದಲೇ ತಗಡು ಸಿದ್ಧವಾಗಬೇಕು, ಶಾಯಿಯ ಬಣ್ಣ, ಕಾಗದದ ಛಾಯೆ ಆಯಾ ಚಿತ್ರಕ್ಕೆ ಒಪ್ಪಬೇಕು, ಬಂದ ಪ್ರತಿಗಳಲ್ಲಿ ದೋಷವಿದ್ದದ್ದನ್ನು ತೆಗೆದುಹಾಕಬೇಕು. ಗ್ಲಾಸ್ಗೋದ ಜೇಮ್ಸ್ ಕ್ರೇಗ್ ಆನನ್ ಸ್ವತಃ ಗ್ರಾವ್ಯೂರ್ ನಿಪುಣರು. 1840ರ ದಶಕದ ಸ್ಕಾಟ್ಲೆಂಡಿನ ಛಾಯಾಗ್ರಾಹಕರಾದ ಹಿಲ್ ಮತ್ತು ಆಡಮ್ಸನ್ ಜೋಡಿಯ ಕಾಗದದ ನೆಗೆಟಿವ್‌ಗಳಿಂದ ಅವರು ತೆಗೆದ ಅಚ್ಚುಗಳು ಈ ಪತ್ರಿಕೆಯಲ್ಲಿ ಬಂದಾಗ, ಆರು ದಶಕ ಮರೆತುಹೋಗಿದ್ದ ಕೆಲಸ ಮತ್ತೆ ಲೋಕದ ಕಣ್ಣಿಗೆ ಬಿತ್ತು. ಯುರೋಪಿನ ಹಲವು ಚಿತ್ರಗಳ ತಗಡುಗಳು ಮ್ಯೂನಿಕ್‌ನ ಬ್ರುಕ್‌ಮನ್ ಮುದ್ರಣಾಲಯದಲ್ಲಿ ತಯಾರಾಗುತ್ತಿದ್ದವು.

ಇದರ ಫಲ ಏನೆಂದು 1904ರಲ್ಲಿ ಬ್ರಸೆಲ್ಸ್‌ನಲ್ಲಿ ಕಂಡಿತು. ಪ್ರದರ್ಶನಕ್ಕೆ ಬರಬೇಕಿದ್ದ ಬಳಗದ ಮೂಲಚಿತ್ರಗಳು ವೇಳೆಗೆ ತಲುಪಲಿಲ್ಲ. ಬದಲಿಗೆ ಪತ್ರಿಕೆಯ ಗ್ರಾವ್ಯೂರ್‌ಗಳನ್ನೇ ಗೋಡೆಗೆ ಹಾಕಿದರು. ನೋಡಲು ಬಂದ ಹೆಚ್ಚಿನವರು ಇವೇ ಮೂಲಚಿತ್ರಗಳೆಂದು ತಿಳಿದು ನೋಡಿ ಹೋದರು. ಅವರು ತಪ್ಪು ತಿಳಿದರು ಎನ್ನುವುದಕ್ಕಿಂತ, ಅವರ ಕಣ್ಣು ಸರಿಯಾಗಿತ್ತು ಎನ್ನುವುದು ಹೆಚ್ಚು ನಿಜ. ಹಾಫ್‌ಟೋನ್ ಒಂದು ಚಿತ್ರದ ಸುದ್ದಿಯನ್ನು ಮುಟ್ಟಿಸುತ್ತದೆ. ಗ್ರಾವ್ಯೂರ್‌ನಲ್ಲಿ ಕಪ್ಪು ಎಂದರೆ ಅಲ್ಲಿ ನಿಜಕ್ಕೂ ದಪ್ಪಗೆ ಕೂತ ಶಾಯಿ, ಬಿಳಿ ಎಂದರೆ ಬರಿ ಕಾಗದ, ನಡುವಿನದೆಲ್ಲ ಶಾಯಿಯ ಆಳದ ಏರಿಳಿತ. ಮೂಲ ನೆಗೆಟಿವ್‌ನಿಂದ, ಕಲಾವಿದರ ಒಪ್ಪಿಗೆಯಿಂದ ಹೀಗೆ ಹೊರಟ ಅಚ್ಚನ್ನು ಪ್ರತಿ ಎನ್ನುವುದಕ್ಕಿಂತ ಕೃತಿ ಎನ್ನುವುದೇ ನ್ಯಾಯ. ವಸ್ತುಸಂಗ್ರಹಾಲಯಗಳು ಈ ಹಾಳೆಗಳನ್ನು ಜತನ ಮಾಡುವುದು ಈ ಕಾರಣಕ್ಕೆ. ನನ್ನ ಎಣಿಕೆಯಲ್ಲಿ ಪತ್ರಿಕೆಯ ಪ್ರಭಾವದ ಗುಟ್ಟೂ ಇದೇ. ‘ಛಾಯಾಚಿತ್ರ ಕಲೆಯೇ’ ಎಂಬ ವಾದವನ್ನು ಲೇಖನಗಳು ಮಾಡುತ್ತಿದ್ದರೆ, ಅದರ ಸಾಕ್ಷಿ ಓದುಗನ ಕೈಯಲ್ಲೇ ಇತ್ತು.

ಪ್ರಭಾವದ ಅಳತೆ ಪ್ರಸಾರಸಂಖ್ಯೆಯಲ್ಲಿ ಸಿಗುವುದಿಲ್ಲ. ಆರಂಭದಲ್ಲಿ ಅಚ್ಚಾದದ್ದೇ 1,000 ಪ್ರತಿ. 1917ರ ಜೂನ್‌ನಲ್ಲಿ ಕೊನೆಯ ಜೋಡಿಸಂಚಿಕೆ 49/50 ಬಂದಾಗ ಚಂದಾದಾರರು 40ಕ್ಕೂ ಕಡಿಮೆ. ಏಕೆ ಕರಗಿದರು? ಫಿಫ್ತ್ ಅವೆನ್ಯೂದ 291ನೇ ನಂಬರಿನಲ್ಲಿ 1905ರ ನವೆಂಬರ್‌ನಲ್ಲಿ ಬಳಗ ಒಂದು ಪುಟ್ಟ ಗ್ಯಾಲರಿ ತೆರೆದಿತ್ತು. 1908ರಿಂದ ಅಲ್ಲಿ ರೋಡಾನ್ ರೇಖಾಚಿತ್ರಗಳು, ಮಾಟೀಸ್, ಆಮೇಲೆ ಪಿಕಾಸೋ ಬರತೊಡಗಿದರು. ಪತ್ರಿಕೆಯೂ ಅದೇ ದಾರಿ ಹಿಡಿಯಿತು. 1912ರ ಆಗಸ್ಟಿನ ವಿಶೇಷ ಸಂಚಿಕೆಯಲ್ಲಿ ಲೇಖಕಿ ಗರ್ಟ್ರೂಡ್ ಸ್ಟೈನ್ ಮಾಟೀಸ್ ಮತ್ತು ಪಿಕಾಸೋ ಬಗ್ಗೆ ಬರೆದ ಶಬ್ದಚಿತ್ರಗಳು ಅಚ್ಚಾದವು. ಕ್ಯಾಮೆರಾಕ್ಕಾಗಿ ಚಂದಾ ಕಟ್ಟಿದವರಿಗೆ ಇದು ರುಚಿಸಲಿಲ್ಲ. ಮೇಲಿಂದ ಮಹಾಯುದ್ಧ, ಮ್ಯೂನಿಕ್‌ನ ಅಚ್ಚುಮನೆಯ ಸಂಬಂಧ ಕಡಿಯಿತು, ಕಾಗದವೂ ದುಬಾರಿಯಾಯಿತು.

‘ಕ್ಯಾಮೆರಾ ವರ್ಕ್’ ಎಂದರೆ ಮಂಜು ಕವಿದ ಮೃದು ಚಿತ್ರಗಳು ಎಂಬ ಮಾತು ನಮ್ಮ ಕ್ಯಾಮೆರಾ ಕ್ಲಬ್ಬುಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ಅರ್ಧಸತ್ಯ. ಡೆಮಾಶಿ, ಕ್ಯೂನ್, ಕೇಸೆಬಿಯರ್ ಮುಂತಾದವರ ಪಿಕ್ಟೋರಿಯಲ್ ಶೈಲಿ, ಅಂದರೆ ಛಾಯಾಚಿತ್ರವನ್ನು ಚಿತ್ರಕಲೆಯಂತೆ ಕಾಣಿಸುವ ಬಗೆ, ಗಮ್ ಬೈಕ್ರೋಮೇಟ್ ಎಂಬ ಅಚ್ಚಿನ ವಿಧಾನದಲ್ಲಿ ಮೂಡುವ ಕುಂಚದ ಗುರುತು, ಇವೆಲ್ಲ ಮೊದಲ ವರ್ಷಗಳಲ್ಲಿ ತುಂಬಿವೆ, ನಿಜ. ಆದರೆ 4ನೇ ಸಂಚಿಕೆಯಲ್ಲೇ ಫ್ರೆಡರಿಕ್ ಇವಾನ್ಸ್ ಅವರ ಚರ್ಚ್ ಒಳಾಂಗಣಗಳಿವೆ. ಅವುಗಳಲ್ಲಿ ನೆಗೆಟಿವ್ ಮೇಲೆ ಕೈಯಾಡಿಸಿದ್ದೇ ಇಲ್ಲ. ಬೆಳಕಿಗೆ ಕಾದು ಕೂತದ್ದಷ್ಟೇ. ಅವರ ಬಗ್ಗೆ ಅದೇ ಸಂಚಿಕೆಯಲ್ಲಿ ಬರೆದವರು ಜಾರ್ಜ್ ಬರ್ನಾರ್ಡ್ ಶಾ. ನಿಮ್ಮ ಹಾಳೆ ಬಂದ 36ನೇ ಸಂಚಿಕೆಯ ಛಾಯಾಚಿತ್ರಗಳೆಲ್ಲ ಸ್ಟೀಗ್ಲಿಟ್ಸ್ ಅವರವೇ: ರೈಲು ಯಾರ್ಡಿನ ಹೊಗೆ, ಹಡಗು, ವಿಮಾನ, ಅಗೆದ ನೆಲ, ಗಗನಚುಂಬಿ ಕಟ್ಟಡಗಳು, ಜೊತೆಗೆ 1907ರಲ್ಲಿ ತೆಗೆದ ‘ದಿ ಸ್ಟೀರೇಜ್’. ಹಡಗಿನ ಕೆಳದರ್ಜೆಯ ಪ್ರಯಾಣಿಕರ ಆ ಚಿತ್ರ 1915ರಲ್ಲಿ ಬೇರೊಂದು ಪತ್ರಿಕೆಗಾಗಿ ಇದಕ್ಕಿಂತ ಬಹಳ ದೊಡ್ಡ ಗ್ರಾವ್ಯೂರ್ ಆಗಿಯೂ ಹೊರಬಂತು. ಮಾರುವವರು ಎರಡನ್ನೂ ಒಂದೇ ಎಂಬಂತೆ ಬರೆದಿರುತ್ತಾರೆ. ಅಳತೆ ಕೇಳದೆ ಕೊಳ್ಳಬೇಡಿ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ತೂಕದ್ದು ಕೊನೆಯ ಸಂಚಿಕೆ. ಅದರ 11 ಛಾಯಾಚಿತ್ರಗಳೂ ಪಾಲ್ ಸ್ಟ್ರಾಂಡ್ ಅವರವು. ಕೊರಳಿಗೆ ‘ಕುರುಡಿ’ ಎಂಬ ಫಲಕ ನೇತುಹಾಕಿಕೊಂಡ ಹೆಂಗಸಿನ ಮುಖವನ್ನು ಅವರು 1916ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ತೆಗೆದರು. ಕ್ಯಾಮೆರಾಕ್ಕೆ ಸುಳ್ಳು ಲೆನ್ಸ್ ಕೂರಿಸಿ ಬೇರೆಲ್ಲೋ ನೋಡುತ್ತಿರುವಂತೆ ನಟಿಸಿ ತೆಗೆದ ಮುಖ ಅದು. ಇನ್ನೊಂದರಲ್ಲಿ ಬಿಳಿ ಬೇಲಿ ಚೌಕಟ್ಟಿನ ಅಡ್ಡಕ್ಕೂ ಹರಡಿದೆ. ಮಂಜಿಲ್ಲ, ಕುಂಚದ ಗುರುತಿಲ್ಲ. ತೆಳು ಜಪಾನಿ ಕಾಗದವನ್ನೂ ಇಲ್ಲಿ ಬಿಟ್ಟು, ಶಾಯಿ ಗಟ್ಟಿಯಾಗಿ ಕೂರುವಂತೆ ದಪ್ಪ ಕಾಗದಕ್ಕೇ ಅಚ್ಚು ಹಾಕಿಸಿದರು. 14 ವರ್ಷ ತಾನೇ ಬೆಳೆಸಿದ ರುಚಿಯನ್ನು ಪತ್ರಿಕೆ ಕೊನೆಯ ಸಂಚಿಕೆಯಲ್ಲಿ ತಾನೇ ಪ್ರಶ್ನಿಸಿತು. ಆ ಧೈರ್ಯ ಬಹಳ ದೊಡ್ಡದು. ಮುಂದೆ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮುಂದೆ ಹೆಸರಾಂತ ಛಾಯಾಗ್ರಾಹಕರಾದ ಯುವಕ ವಾಕರ್ ಇವಾನ್ಸ್ ಈ ಪುಟ ತಿರುವಿದಾಗ ಆ ಕುರುಡಿ ಹೆಂಗಸಿನ ಚಿತ್ರ ಅವರ ದಾರಿಯನ್ನೇ ನಿಶ್ಚಯಿಸಿತು. ಆನ್ಸೆಲ್ ಆಡಮ್ಸ್ 1930ರಲ್ಲಿ ಟಾವೋಸ್‌ನಲ್ಲಿ ಸ್ಟ್ರಾಂಡ್ ಅವರ ನೆಗೆಟಿವ್‌ಗಳನ್ನು ನೋಡಿ ಛಾಯಾಗ್ರಹಣಕ್ಕೇ ಬಾಳು ಮುಡಿಪಿಡಲು ತೀರ್ಮಾನಿಸಿದರು. 1932ರಲ್ಲಿ ಅವರೂ ಸೇರಿ ಕಟ್ಟಿದ ‘ಎಫ್/64’ ಎಂಬ ಛಾಯಾಗ್ರಾಹಕರ ಬಳಗದ ಚೂಪು ಚಿತ್ರಗಳ ಬೇರು ಅಲ್ಲಿಯೂ ಇದೆ.

ಭಾರತೀಯ ಶಿಲ್ಪದ ಬಗ್ಗೆ ಓದಿದವರಿಗೆಲ್ಲ ಪರಿಚಿತರಾದ ಆನಂದ ಕುಮಾರಸ್ವಾಮಿ ಅವರ ಹೆಸರೂ ಈ ಕಥೆಯಲ್ಲಿ ಬರುತ್ತದೆ. ಅವರು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದ್ದಾಗ, 1924ರಲ್ಲಿ ಸ್ಟೀಗ್ಲಿಟ್ಸ್ ಅವರ 27 ಛಾಯಾಚಿತ್ರಗಳು ಆ ಸಂಗ್ರಹ ಸೇರುವಂತೆ ಮಾಡಿದರು. ಅಮೆರಿಕದ ದೊಡ್ಡ ಕಲಾಸಂಗ್ರಹಾಲಯವೊಂದು ಛಾಯಾಚಿತ್ರವನ್ನು ಕಲೆಯೆಂದೇ ಒಳಗೆ ಬಿಟ್ಟುಕೊಂಡ ಮೊದಲ ಸಂದರ್ಭಗಳಲ್ಲಿ ಅದೊಂದು. 1933ರಲ್ಲಿ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಬಳಗದವರ 400ಕ್ಕೂ ಹೆಚ್ಚು ಚಿತ್ರಗಳು ಹೋದವು.

ಈಗ ನಾವೇ ತೆಗೆಯುವ ವಿಚಾರ. ವಿಯೆನ್ನಾದಲ್ಲಿ ಕಾರೆಲ್ ಕ್ಲೀಚ್ 1879ರಲ್ಲಿ ರೂಪಿಸಿದ ವಿಧಾನವೇ ಇವತ್ತಿಗೂ ಮೂಲ. ಕನ್ನಡಿಯಂತೆ ಹೊಳಪು ಕೊಟ್ಟ, ಸುಮಾರು 1 ಮಿ.ಮೀ. ದಪ್ಪದ ತಾಮ್ರದ ತಗಡನ್ನು ಎಣ್ಣೆಯಂಶ ಇಲ್ಲದಂತೆ ತೊಳೆಯಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ರಾಳದ ಅಥವಾ ಆಸ್ಫಾಲ್ಟಮ್ ಎಂಬ ಡಾಂಬರಿನಂಥ ವಸ್ತುವಿನ ನುಣ್ಣನೆ ಪುಡಿ ಎಬ್ಬಿಸಿ, ದಪ್ಪ ಕಣ ಕೆಳಗಿಳಿಯುವಷ್ಟು ಕಾದು ತಗಡನ್ನು ಒಳಗಿಡಬೇಕು. ಮೇಲೆ ಕೂತ ಪುಡಿಯನ್ನು ಅಡಿಯಿಂದ ಕಾಯಿಸಿ ಅಂಟಿಸಬೇಕು. ಲೂಪ್‌ನಲ್ಲಿ ನೀವು ನೋಡುವ ಹಿಟ್ಟಿನಂಥ ಕಣ ಇದರದೇ ಗುರುತು. ಇದು ಇಲ್ಲದಿದ್ದರೆ ಕಪ್ಪು ಜಾಗ ಬರಿ ತಗ್ಗಾಗುತ್ತದೆ. ಒರೆಸುವಾಗ ಶಾಯಿ ಹೊರಬಂದು ಕಪ್ಪು ಬೂದುಬಣ್ಣವಾಗುತ್ತದೆ.

ಆಮೇಲೆ ಕಾರ್ಬನ್ ಟಿಶ್ಯೂ, ಅಂದರೆ ಬಣ್ಣ ಬೆರೆಸಿದ ಜೆಲಟಿನ್ ಹಚ್ಚಿದ ಕಾಗದ. ಅದನ್ನು ಸುಮಾರು ಶೇ. 3–3.5ರ ಪೊಟಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ, 15° ಸೆ. ಆಸುಪಾಸಿನಲ್ಲಿ, ಸುಮಾರು 3 ನಿಮಿಷ ಅದ್ದಿ ಕತ್ತಲಲ್ಲಿ ಒಣಗಿಸಬೇಕು. ನೀರು ಬೆಚ್ಚಗಿದ್ದರೆ ಜೆಲಟಿನ್ ಅಲ್ಲೇ ಇಳಿಯುತ್ತದೆ. ಬೇಸಿಗೆಯಲ್ಲಿ ಐಸ್ ಬೇಕೇ ಬೇಕು. ಅದೇ ಅಳತೆಯ ಪಾಸಿಟಿವ್ ಫಿಲ್ಮಿನಡಿ ಅತಿನೇರಳೆ ಬೆಳಕು ಕೊಟ್ಟು, ತಣ್ಣೀರಿನಲ್ಲಿ ತಗಡಿಗೆ ಅಂಟಿಸಿ, ಸುಮಾರು 43–45° ಸೆ. ನೀರಿನಲ್ಲಿ ಹಿಂಬದಿ ಕಾಗದ ಬಿಡಿಸಿ, ಗಟ್ಟಿಯಾಗದ ಜೆಲಟಿನ್ ತೊಳೆದರೆ ತಗಡಿನ ಮೇಲೆ ಏರುತಗ್ಗಿನ ತೆಳು ಪದರ ಉಳಿಯುತ್ತದೆ: ಬಿಳಿಯಾಗಬೇಕಾದ ಕಡೆ ದಪ್ಪ, ಕಪ್ಪಾಗಬೇಕಾದ ಕಡೆ ತೆಳು.

ಕೌಶಲವೆಲ್ಲ ಮುಂದಿನ ಹಂತದಲ್ಲಿದೆ. ತಾಮ್ರವನ್ನು ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಸುಮಾರು 45ರಿಂದ 37 ಬೋಮೆಯವರೆಗೆ (ಬೋಮೆ ಎಂದರೆ ದ್ರಾವಣದ ಗಟ್ಟಿತನದ ಅಳತೆ), ಎರಡೆರಡು ಡಿಗ್ರಿ ಇಳಿಸುತ್ತಾ ಐದು ಟ್ರೇಗಳಲ್ಲಿ ಇಟ್ಟುಕೊಳ್ಳಬೇಕು. ಗಟ್ಟಿ ದ್ರಾವಣದಲ್ಲಿ ನೀರು ಕಡಿಮೆ; ಅದು ತೆಳು ಜೆಲಟಿನ್ ದಾಟಿ ಕಪ್ಪು ಜಾಗವನ್ನಷ್ಟೇ ಕೊರೆಯುತ್ತದೆ. ದ್ರಾವಣ ನೀರಾದಷ್ಟೂ ದಪ್ಪ ಪದರವನ್ನೂ ದಾಟಿ ನಡುಬಣ್ಣ, ಕೊನೆಗೆ ತಿಳಿಛಾಯೆ ಮುಟ್ಟುತ್ತದೆ. ಒಟ್ಟು ಹೊತ್ತು ಹೆಚ್ಚುಕಡಿಮೆ 15–25 ನಿಮಿಷ. ಕೋಣೆ 21° ಸೆ. ಸುತ್ತ ಇರಬೇಕು. 30° ದಾಟಿದ ಕೋಣೆಯಲ್ಲಿ ದ್ರಾವಣ ನುಗ್ಗಿ ಬಿಳಿಯೂ ಕಪ್ಪೂ ಒಟ್ಟಿಗೇ ಕೊರೆದುಹೋಗುತ್ತವೆ, ಚಿತ್ರ ಚಪ್ಪಟೆಯಾಗುತ್ತದೆ. ಧೂಳಿನ ಕಣವಿದ್ದ ಕಡೆ ಸೂಜಿಮೊನೆಯಂಥ ಕಪ್ಪು ಚುಕ್ಕಿ ಬೀಳುತ್ತದೆ. ಅದನ್ನು ತಗಡಿನ ಮೇಲೆ ಉಜ್ಜಿ ಸರಿಮಾಡುವುದು ಬಹಳ ತಾಳ್ಮೆಯ ಕೆಲಸ. ಶಾಯಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ತೇವ ಮಾಡಿದ ಹತ್ತಿಯ ಕಾಗದದೊಂದಿಗೆ ಎಚಿಂಗ್ ಪ್ರೆಸ್ಸಿನಲ್ಲಿ ಒತ್ತಬೇಕು. ಬರಿ ತಾಮ್ರ ಬೇಗ ಸವೆಯುತ್ತದೆ. ಅದಕ್ಕೇ ನೂರಾರು ಪ್ರತಿ ಬೇಕಾದಾಗ ತಗಡಿಗೆ ವಿದ್ಯುತ್ತಿನಿಂದ ತೆಳುವಾಗಿ ಉಕ್ಕಿನ ಲೇಪ ಕೊಡುತ್ತಿದ್ದರು.

ಡೈಕ್ರೋಮೇಟ್ ಕ್ಯಾನ್ಸರ್ ತರಬಲ್ಲ ವಿಷ, ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಕೈಗವಸು, ಮಾಸ್ಕ್ ಇಲ್ಲದೆ, ಅಡುಗೆಮನೆಯ ಪಾತ್ರೆಯಲ್ಲಿ ಇದನ್ನು ಮುಟ್ಟಲೇಬೇಡಿ, ಚರಂಡಿಗೂ ಸುರಿಯಬೇಡಿ. ಆದ್ದರಿಂದ ನಿಮಗೆ ಮೊದಲು ನಾನು ಹೇಳುವುದು ಫೋಟೋಪಾಲಿಮರ್ ತಗಡು, ಅಂದರೆ ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಪದರವಿರುವ ತಗಡು. ಇದನ್ನು ಎರಡು ಸಲ ಬೆಳಕಿಗೊಡ್ಡಬೇಕು: ಒಮ್ಮೆ ಅಡ್ಡಾದಿಡ್ಡಿ ಕಣಗಳ ಆಕ್ವಾಟಿಂಟ್ ಸ್ಕ್ರೀನ್ ಅಡಿ, ಒಮ್ಮೆ ಇಂಕ್‌ಜೆಟ್‌ನಲ್ಲಿ ತೆಗೆದ ಪಾಸಿಟಿವ್ ಅಡಿ. ತೊಳೆಯಲು ಬರಿ ನೀರು, ಮೆತ್ತನೆ ಬ್ರಷ್, ಒಂದೆರಡು ನಿಮಿಷ. ಕೂಡಲೇ ಒತ್ತಿ ಒಣಗಿಸಿ ಮತ್ತೆ ಬೆಳಕಿಗಿಟ್ಟು ಗಟ್ಟಿ ಮಾಡಬೇಕು. ತಡವಾದರೆ ನೀರಿನ ಕಲೆ ಅಚ್ಚಿನಲ್ಲಿ ಮೂಡುತ್ತದೆ. ಸ್ಕ್ರೀನ್‌ಗೆ ಬೆಳಕು ಸಾಲದಿದ್ದರೆ ಕಪ್ಪು ಜಾಗ ಶಾಯಿ ಹಿಡಿಯುವುದಿಲ್ಲ. ಹಾಗಾಗಿ ಒಂದು ತಗಡನ್ನು ಪಟ್ಟಿಗಳಾಗಿ ಕತ್ತರಿಸಿ ಪರೀಕ್ಷೆಗೇ ಮೀಸಲಿಡಿ. ಬಳಸದ ತಗಡುಗಳು ಕರಾವಳಿಯ ಗಾಳಿಯ ತೇವ ಹೀರುತ್ತವೆ, ಗಾಳಿಯಾಡದ ಡಬ್ಬಿಯಲ್ಲಿಡಿ. ಪ್ರೆಸ್ ಮತ್ತು ಕಲಿಸುವವರಿಗಾಗಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಈ ಎರಡರ ಗ್ರಾಫಿಕ್ಸ್ ವಿಭಾಗಗಳಲ್ಲಿ ವಿಚಾರಿಸಿ.

ಕಡೆಯದಾಗಿ ನಿಮ್ಮ ಹಾಳೆಯ ಜೋಪಾನ. ಶಾಯಿಯ ಕಪ್ಪು ಮಾಸುವುದಿಲ್ಲ. ಅಪಾಯ ಇರುವುದು ಕಾಗದಕ್ಕೆ. ಲ್ಯಾಮಿನೇಶನ್ ಬೇಡ, ಸೆಲ್ಲೋಟೇಪ್ ಬೇಡ, ತೆಳುಕಾಗದವನ್ನು ಹಿಂಬದಿಯ ಪುಟದಿಂದ ಬಿಡಿಸುವ ಪ್ರಯತ್ನವಂತೂ ಬೇಡವೇ ಬೇಡ. ಆ ಪುಟವೂ ಕೃತಿಯ ಭಾಗ. ಆಮ್ಲರಹಿತ ಮೌಂಟ್ ಬೋರ್ಡಿನ ಕಿಟಕಿ ಕತ್ತರಿಸಿ, ಗಾಜಿಗೂ ಚಿತ್ರಕ್ಕೂ ಮುಟ್ಟದಷ್ಟು ಅಂತರವಿಟ್ಟು, ಅತಿನೇರಳೆ ತಡೆಯುವ ಅಕ್ರಿಲಿಕ್ ಹಾಕಿಸಿ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಸಿ, ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮಲಗಿಸಿಡಿ. ಒಂದು ಸಣ್ಣ ತೇವಾಂಶ ಮಾಪಕ ಒಳಗಿಟ್ಟು, ಶೇ. 50 ದಾಟಿದಾಗಲೆಲ್ಲ ಪೊಟ್ಟಣ ಬದಲಿಸಿ. ಕಂದು ಚುಕ್ಕಿ ಕಾಣಿಸಿಕೊಂಡರೆ ಒರೆಸಲು ಹೋಗದೆ ಕಾಗದ ಸಂರಕ್ಷಣೆ ಬಲ್ಲವರ ಕೈಗೆ ಕೊಡಿ.